ಸುಭದ್ರಾಬಾಯಿಯವರ ‘ಯಾರೂ ಇಲ್ರೀ’

ಕೊಚ್ಚಿಯ ನಮ್ಮ ಕನ್ನಡ ಸಂಘದಲ್ಲಿ ಮೂರು ವರ್ಷ ಬಿಡದೆ ಅತ್ಯುತ್ತಮ ನಟಿಯ ಕಪ್ ಗೆದ್ದವನು ನಾನು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ನಮ್ಮಮ್ಮ ಆ ಕಪ್ಪುಗಳನ್ನು ಇನ್ನೂ ಗಾಜಿನ ಬೀರುವಿನಲ್ಲಿಟ್ಟು ಬಂದವರಿಗೆಲ್ಲ ತೋರಿಸುತ್ತಾಳೆ. ಆಗ ನನಗೆ ಮೀಸೆ ಇನ್ನೂ ಬಂದಿರಲಿಲ್ಲ, ಸೊಂಟ ಮಾತ್ರ ಚೆನ್ನಾಗಿ ಬಳುಕುತ್ತಿತ್ತು. ಸಂಘಕ್ಕೆ ಅಷ್ಟು ಸಾಕಾಗಿತ್ತು. ಇದರ ಜೊತೆಗೆ ಯಾರ ದನಿಯನ್ನಾದರೂ ಒಂದೆರಡು ಸಲ ಕೇಳಿದರೆ ಅದನ್ನು ನನ್ನ ಗಂಟಲಿನಿಂದ ಹೊರಡಿಸುವ ರೋಗವೂ ನನಗಿತ್ತು. ಅಪ್ಪನ ಬ್ಯಾಂಕಿನ ಮ್ಯಾನೇಜರ ಕೆಮ್ಮು, ಬೋಟ್ ಜೆಟ್ಟಿಯ ಟಿಕೆಟ್ಟಿನವನ ಗೊಣಗಾಟ, ಅಜ್ಜಿ ದೇವರ ಮನೆಯಲ್ಲಿ ಕೂತು ದೇವರನ್ನೇ ಬೈಯುವುದು, ಎಲ್ಲ ಬರುತ್ತಿತ್ತು. ನಿನ್ನ ದನಿ ಯಾವುದೋ ಅಂತ ಕೇಳಿದರೆ ಮಾತ್ರ ಸ್ವಲ್ಪ ಹುಡುಕಬೇಕಾಗಿತ್ತು.

ಆ ಕಪ್ಪುಗಳಲ್ಲಿ ಮೂರನೆಯದು ನಿಜವಾಗಿ ಯಾರದು ಅಂತ ನನಗೆ ಇವತ್ತಿಗೂ ಗೊತ್ತಾಗಿಲ್ಲ. ಅದು ಸುಭದ್ರಾಬಾಯಿಯವರ ನಾಟಕಕ್ಕೆ ಬಂದದ್ದು.

ಸುಭದ್ರಾಬಾಯಿ ಧಾರವಾಡದವರು. ಗಂಡ ಕುಲಕರ್ಣಿಯವರಿಗೆ ವಿಲ್ಲಿಂಗ್ಡನ್ ಐಲ್ಯಾಂಡಿನಲ್ಲಿ ಕಸ್ಟಮ್ಸ್ ಕೆಲಸ, ಅಲ್ಲೇ ಕ್ವಾರ್ಟರ್ಸು. ನಾನು ಅವರನ್ನು ಮೊದಲು ಸರಿಯಾಗಿ ನೋಡಿದ್ದು ಎರ್ನಾಕುಳಂ ಜೆಟ್ಟಿಯ ಹತ್ತಿರ, ಮೀನು ಮಾರುವವಳ ಬುಟ್ಟಿಯ ಮುಂದೆ. ಗಂಡಸರ ಉದ್ದನೆಯ ಕರೀ ಕೊಡೆ ಊರಿಕೊಂಡು, ಮಾತಿಗೊಮ್ಮೆ ಕನ್ನಡಕ ಮೇಲಕ್ಕೆ ತಳ್ಳುತ್ತ, ಮತ್ತಿ ಮೀನಿಗೆ ಚೌಕಾಸಿ ಮಾಡುತ್ತಿದ್ದರು. ನನಗೆ ತಲೆ ಕೆಟ್ಟಿತು. ಮಡಿ ಹೆಂಗಸು ಅಂತ ಇಡೀ ಸಂಘಕ್ಕೆ ಗೊತ್ತು; ಏಕಾದಶಿಗೆ ಈರುಳ್ಳಿಯ ವಾಸನೆ ಬಂದರೂ ಕಿಟಕಿ ಮುಚ್ಚುವವರು. ಬೆಲೆ ಕೇಳಿದರು, ಜಾಸ್ತಿಯಾಯಿತೆಂದರು, ಮೀನನ್ನು ಕೊಡೆಯ ತುದಿಯಿಂದ ತೋರಿಸಿ ಹಳೆಯದೆಂದರು. ಮೀನಿನವಳು ಸೊಂಟಕ್ಕೆ ಕೈಕೊಟ್ಟು ಮಲಯಾಳದಲ್ಲಿ ಬೈಗುಳದ ಮಳೆ ಸುರಿಸಿದಳು. ಇವರು ಕಣ್ಣು ಅರ್ಧ ಮುಚ್ಚಿ, ತುಟಿ ಸಣ್ಣಗೆ ಆಡಿಸುತ್ತ, ಪೂರ್ತಿ ಕೇಳಿ, ‘ಶರಿ ಚೇಚೀ’, ಅಂದರೆ ಸರಿ ಅಕ್ಕಾ, ಅಂತ ಕೈಮುಗಿದು ಹೊರಟುಬಿಟ್ಟರು.

ನಾನು ಹಿಂದೆಯೇ ಓಡಿ, ಅಕ್ಕಾ, ನಿಮಗೆ ಮೀನು ಬೇಕಿತ್ತಾ ಅಂತ ಕೇಳಿದೆ.

‘ಮೀನ ಯಾಕಪಾ? ಬೈಗಳ ಬೇಕಿತ್ತು. ಎಂಥಾ ಚೊಕ್ಕ ಬೈತಾಳ ನೋಡು, ಒಂದ ಮಾತ ಹೆಚ್ಚಿಲ್ಲ, ಕಡಿಮಿಲ್ಲ.’

ಅವತ್ತು ನನಗೆ ಇಷ್ಟು ಹೊಳೆಯಿತು: ನಾನು ಜನರ ದನಿ ಕದಿಯುವವನು, ಈಕೆ ಜನರ ಮಾತು ಕದಿಯುವವರು. ಅಂದರೆ ನಾವಿಬ್ಬರೂ ಒಂದೇ ಕಸುಬಿನವರು.

ಕದ್ದ ಮಾತುಗಳಿಂದ ಅವರು ಕಟ್ಟಿದ ನಾಟಕದ ಹೆಸರು ‘ಯಾರೂ ಇಲ್ರೀ’. ಕಥೆ ಇಷ್ಟೇ. ಗಂಗಾ ಅನ್ನುವ ಹೆಂಗಸು ಮನೆಯಲ್ಲಿದ್ದಾಳೆ. ಪೋಸ್ಟ್‌ಮ್ಯಾನ್ ಬರುತ್ತಾನೆ, ಗಂಡನ ಆಫೀಸರು ಬರುತ್ತಾರೆ, ಚಂದಾ ಕೇಳುವವರು ಬರುತ್ತಾರೆ. ಬಾಗಿಲು ತೆಗೆದು ಎದುರಿಗೇ ನಿಂತವಳನ್ನು ಎಲ್ಲರೂ ಕೇಳುವುದು ಒಂದೇ, ಮನೆಯಲ್ಲಿ ಯಾರೂ ಇಲ್ಲವಾ ಅಂತ. ಅವಳೂ ಪ್ರತಿ ಸಲ, ‘ಯಾರೂ ಇಲ್ರೀ’ ಅನ್ನುತ್ತಾಳೆ. ಕೊನೆಯಲ್ಲಿ ಒಬ್ಬ ಬಂದು ಅದೇ ಪ್ರಶ್ನೆ ಕೇಳಿದಾಗ ಅವಳು ಸ್ವಲ್ಪ ಹೊತ್ತು ಯೋಚಿಸಿ, ‘ನಾ ಅದೀನಲ್ರೀ’ ಅನ್ನುತ್ತಾಳೆ. ಪರದೆ.

ಸಂಘದ ಕಾರ್ಯದರ್ಶಿ ಪದ್ಮನಾಭರಾಯರು ಮೈಸೂರು ಕಡೆಯವರು, ನಮ್ಮಪ್ಪನ ಬ್ಯಾಂಕಿನವರೇ. ಒಳ್ಳೆಯವರು. ನಾಡಹಬ್ಬಕ್ಕೆ ಮೈಕು ಹೊರುವುದರಿಂದ ಹಿಡಿದು ಉಪ್ಪಿಟ್ಟಿಗೆ ಒಗ್ಗರಣೆ ಹಾಕಿಸುವವರೆಗೆ ಅವರೇ. ಹೆಂಗಸರ ಹಾಡು ರಂಗೋಲಿಗೆ ಒಂದು ಸಂಜೆ, ಗಂಡಸರ ನಾಟಕಕ್ಕೆ ಕೊನೆಯ ಸಂಜೆ ಅನ್ನುವುದು ಅವರ ಕಾಲದ ಪದ್ಧತಿ. ನಾಟಕ ಓದಿ ಮೆಚ್ಚಿಕೊಂಡರು. ಕೊನೆಯ ಸಂಜೆಗೇ ಇಡೋಣ, ಆದರೆ ಹೆಸರು ಕುಲಕರ್ಣಿಯವರದು ಹಾಕೋಣ ಅಂದರು. ಬರೆದದ್ದು ಹೆಂಗಸರು ಅಂತ ಮೈಕಿನಲ್ಲಿ ಹೇಳಿದರೆ, ಇದು ಲೇಡೀಸ್ ಪ್ರೋಗ್ರಾಮು ಅಂತ ಜನ ಎದ್ದು ಕಾಫಿಗೆ ಹೋಗುತ್ತಾರೆ ಅನ್ನುವುದು ಅವರ ಅನುಭವ. ಗಂಗಾಳ ಪಾತ್ರಕ್ಕೆ ಹೇಗೂ ನಮ್ಮ ವಾಸು ಇದ್ದಾನೆ. ವಾಸು ಅಂದರೆ ನಾನು.

ಸುಭದ್ರಾಬಾಯಿ ಒಪ್ಪಿದರು. ಯಾಕೆ ಒಪ್ಪಿದಿರಿ ಅಂತ ಕೇಳಿದ್ದಕ್ಕೆ, ಈ ಸಲ ಮಾತು ಜನರ ಕಿವಿಗೆ ಬೀಳಲಿ, ಮುಂದಿನ ಸಲ ಹೆಸರು ಬೀಳಲಿ ಅಂದರು. ನಾನೂ ತಲೆಯಾಡಿಸಿದೆ. ನನಗೆ ಬೇಕಾದದ್ದು ಪಾರ್ಟು.

ತಾಲೀಮು ಅವರ ಕ್ವಾರ್ಟರ್ಸಿನಲ್ಲಿ. ನನ್ನ ಒಂದು ಗುಟ್ಟು ಅಲ್ಲಿ ಹೊರಬಿತ್ತು. ಕೊಚ್ಚಿಯಲ್ಲಿ ಬೆಳೆದ ನನಗೆ ಕನ್ನಡ ಮಾತಾಡಲು ಬರುತ್ತಿತ್ತು, ಓದಲು ಬರುತ್ತಿರಲಿಲ್ಲ. ಸ್ಕೂಲಿನಲ್ಲಿ ಕಲಿತದ್ದು ಮಲಯಾಳ ಮತ್ತು ಇಂಗ್ಲಿಷು. ಹಾಗಾಗಿ ಅವರು ಒಂದೊಂದೇ ಮಾತು ಹೇಳುವುದು, ನಾನು ಕೇಳಿ ಹಾಗೇ ತಿರುಗಿ ಹೇಳುವುದು. ನಾನು ಸೆರಗು ಕಚ್ಚಿ, ಸೊಂಟ ಬಳುಕಿಸಿ ಒಳಗೆ ಬಂದರೆ ಅವರು ತಲೆ ಚಚ್ಚಿಕೊಳ್ಳುತ್ತಿದ್ದರು. ‘ಹೆಂಗಸಿನಂಗ ನಡೀಬ್ಯಾಡೋ. ಯಾವ ಹೆಂಗಸೂ ಹಂಗ ನಡಿಯೂದಿಲ್ಲ.’ ಹಾಗಾದರೆ ಹೇಗೆ ನಡೆಯಬೇಕು ಅಂದರೆ, ಹೋಗಿ ಜೆಟ್ಟಿಯಲ್ಲಿ ನೋಡು ಅಂದರು. ಹೋಗಿ ನೋಡಿದೆ. ಹೆಂಗಸರು ಬೋಟ್ ತಪ್ಪಿಹೋಗುತ್ತದೆ ಅನ್ನುವಂತೆ ನಡೆಯುತ್ತಿದ್ದರು. ಗಂಡಸರೂ ಹಾಗೆಯೇ ನಡೆಯುತ್ತಿದ್ದರು. ನನ್ನ ಎರಡು ಕಪ್ಪಿನ ವಿದ್ಯೆ ಅಲ್ಲೇ ಹಿನ್ನೀರಿಗೆ ಬಿತ್ತು. ಆಮೇಲೆ ಹೇಗೆ ನಡೆಯಬೇಕೆಂದು ತಿಳಿಯದೆ ನಾನು ಮನೆಯಲ್ಲಿ ಕೂಡ ತಡವರಿಸತೊಡಗಿದೆ.

ನಾಟಕದ ಸಂಜೆ ಏನಾಯಿತೆಂದರೆ, ನಾನು ಕಲಿತದ್ದೆಲ್ಲ ಅವರ ಬಾಯಿಂದಲಾದ್ದರಿಂದ ಗಂಗಾ ಬದಲು ಸುಭದ್ರಾಬಾಯಿಯವರೇ ರಂಗಕ್ಕೆ ಬಂದುಬಿಟ್ಟರು. ಅದೇ ಧಾರವಾಡದ ದನಿ, ಅದೇ ಮಾತಿಗೆ ಮೊದಲು ಕನ್ನಡಕ ಮೇಲಕ್ಕೆ ತಳ್ಳುವುದು. ಗಂಗಾಗೆ ಕನ್ನಡಕ ಇರಲೂ ಇಲ್ಲ. ನಾನು ಬರೀ ಮೂಗು ತಳ್ಳಿಕೊಳ್ಳುತ್ತಿದ್ದೆ. ನಾನು ಬೇಕೆಂದು ಮಾಡಿದ್ದಲ್ಲ. ಜನ ಮೊದಲು ಒಬ್ಬರ ಮುಖ ಒಬ್ಬರು ನೋಡಿದರು, ಆಮೇಲೆ ನಗಲು ಶುರುಮಾಡಿದರು. ಕೊನೆಯ ‘ನಾ ಅದೀನಲ್ರೀ’ಗಂತೂ ಚಾವಣಿ ಹಾರುವಷ್ಟು ನಗು. ಪಕ್ಕದ ಪರದೆಯ ಹಿಂದೆ ನಿಂತು ಮಾತು ಎತ್ತಿಕೊಡುತ್ತಿದ್ದ ಅವರು ಆ ನಗುವನ್ನು ಮೀನಿನವಳ ಬೈಗುಳ ಕೇಳುವ ಹಾಗೆಯೇ ಕಣ್ಣು ಅರ್ಧ ಮುಚ್ಚಿ ಕೇಳುತ್ತಿದ್ದರು.

ಆಮೇಲೆ ರಾಯರು ಮೈಕಿನಲ್ಲಿ ನಾಟಕಕಾರರಾದ ಶ್ರೀ ಕುಲಕರ್ಣಿಯವರು ವೇದಿಕೆಗೆ ಬರಬೇಕು ಅಂದರು. ಪಾಪ, ಕುಲಕರ್ಣಿಯವರು ಡ್ಯೂಟಿ ಮುಗಿಸಿ ನೇರ ಬಂದು ಹಿಂದಿನ ಸಾಲಿನಲ್ಲಿ ಕೂತಿದ್ದರು. ಯಾರೋ ಎಬ್ಬಿಸಿ ತಂದರು. ಹಾರ ಬಿತ್ತು. ಎರಡು ಮಾತಾಡಿ ಅಂದರು. ಆ ಮನುಷ್ಯ ಸುಳ್ಳು ಹೇಳಿ ಅಭ್ಯಾಸವಿಲ್ಲದವರು. ಮೈಕಿನ ಮುಂದೆ ನಿಂತು, ‘ಈ ನಾಟಕ ನಾನೂ ಈಗಽ ನೋಡಿದೆ. ಚಲೋ ಅದ. ಯಾರು ಬರದಾರೋ ಅವರಿಗೆ ಈ ಹಾರ ಹಾಕಬೇಕಿತ್ತು’ ಅಂದುಬಿಟ್ಟರು.

ಎಷ್ಟು ವಿನಯ ಅಂತ ಸಭೆ ಚಪ್ಪಾಳೆ ತಟ್ಟಿತು. ನಿಜ ಹೇಳಿದ್ದಕ್ಕೆ ಬಿದ್ದ ಚಪ್ಪಾಳೆ ಕೇಳಿ ಅವರು ಇನ್ನಷ್ಟು ಗಾಬರಿಯಾದರು. ‘ಖರೇನಽ ಹೇಳತೀನ್ರೀ’ ಅಂದರು. ಚಪ್ಪಾಳೆ ಜೋರಾಯಿತು. ಪಕ್ಕದಲ್ಲಿ ಸೀರೆಯುಟ್ಟು ಕಪ್ ಹಿಡಿದು ನಿಂತ ನನಗೆ ನಗಬೇಕೋ, ಮೈಕು ಕಿತ್ತುಕೊಳ್ಳಬೇಕೋ ತಿಳಿಯಲಿಲ್ಲ. ಕಪ್ಪನ್ನು ಇನ್ನೂ ಗಟ್ಟಿಯಾಗಿ ಹಿಡಿದುಕೊಂಡೆ.

ಮರುದಿನ ನಾನು ಹಲ್ಲು ಕಿರಿಯುತ್ತ ಹೋದಾಗ ಸುಭದ್ರಾಬಾಯಿ ಅಂದದ್ದು, ‘ನೀ ಭಾಳ ಚಲೋ ಮಾಡಿದಿ. ಅದಽ ತ್ರಾಸ ಆತು ನೋಡು.’ ಹೊಗಳಿದರೋ ಬೈದರೋ ಅಂತ ನಾನು ಬೋಟಿನಲ್ಲಿ ವಾಪಸು ಬರುವಷ್ಟೂ ಹೊತ್ತು ಯೋಚಿಸಿದೆ. ರಾಯರಿಗೆ ಅವರು ಹೇಳಿಕಳಿಸಿದ್ದು ಮಾತ್ರ ಸ್ಪಷ್ಟವಾಗಿತ್ತು. ಇನ್ನು ಮುಂದೆ ಈ ನಾಟಕ ಆಡುವುದಾದರೆ ಪರದೆ ಏಳುವ ಮೊದಲು ಬರೆದವಳ ಹೆಸರು ಹೇಳಬೇಕು, ಗಂಗಾಳನ್ನು ಹೆಣ್ಣುಮಗಳೇ ಆಡಬೇಕು. ಇಲ್ಲದಿದ್ದರೆ ನಾಟಕ ಪೆಟ್ಟಿಗೆಯಲ್ಲಿರಲಿ. ಅದು ಪೆಟ್ಟಿಗೆಯಲ್ಲೇ ಉಳಿಯಿತು.

ಕೆಲವು ವರ್ಷಗಳ ಮೇಲೆ ನಾನು ತಿರುವನಂತಪುರದ ರಾಕೆಟ್ ಕೇಂದ್ರದಲ್ಲಿ ಡ್ರಾಫ್ಟ್ಸ್‌ಮನ್ ಆಗಿ ಸೇರಿದೆ. ಕುಲಕರ್ಣಿಯವರೂ ಅಲ್ಲಿಗೇ ವರ್ಗವಾಗಿ ಬಂದು ಶ್ರೀಕಾರ್ಯಂ ಅನ್ನುವ ಕಡೆ ಮನೆ ಮಾಡಿದ್ದರು. ಅಲ್ಲಿನ ಕನ್ನಡ ಸಂಘದಲ್ಲಿ ನನ್ನಂಥ ಎಳೆಯ ನೌಕರರೇ ಜಾಸ್ತಿ. ಅಲ್ಲಿ ‘ಯಾರೂ ಇಲ್ರೀ’ ಆಡುವುದೆಂದಾಯಿತು. ಸುಭದ್ರಾಬಾಯಿಯವರ ಹೆಸರು ಹೇಳುವುದಕ್ಕೆ ಯಾರೂ ಎರಡು ಮಾತಾಡಲಿಲ್ಲ. ಆದರೆ ಗಂಗಾ ಸಿಗಲಿಲ್ಲ. ಹೆಣ್ಣುಮಕ್ಕಳಿದ್ದ ಮನೆಯವರೆಲ್ಲ ನಾಟಕ ನೋಡುತ್ತೇವೆ, ಆಡಿಸುವುದಿಲ್ಲ ಅಂದರು. ದಿನ ಹತ್ತಿರ ಬರುತ್ತಿತ್ತು. ನಾನು ಹೆಣ್ಣಿಗೂ ಗಂಡಿಗೂ ಸಮಾನ ಅವಕಾಶ ಇರಬೇಕು ಅಂತ ಸಂಘದ ಸಭೆಯಲ್ಲಿ ಜೋರಾಗಿ ಭಾಷಣ ಮಾಡಿ, ಮನೆಗೆ ಬಂದು ಮೀಸೆ ಬೋಳಿಸಿಕೊಂಡೆ.

ಮರುದಿನ ನನ್ನ ಬೋಳು ತುಟಿಯನ್ನು ಸುಭದ್ರಾಬಾಯಿ ಬಹಳ ಹೊತ್ತು ನೋಡಿದರು.

‘ಮೀಸಿ ಬೆಳಸು. ನಿನಗ ಪೋಸ್ಟಮನ್ ಪಾರ್ಟು.’

‘ಅಕ್ಕಾ, ಗಂಗಾ ಪಾರ್ಟು ನನಗೆ ನಿದ್ದೇಲೂ ಬರುತ್ತೆ.’

‘ನಿನಗ ಬರೂದು ಗಂಗಾ ಅಲ್ಲ, ನಾನು. ನಾ ಏನ ಸತ್ತೀನೇನು?’

ಗಂಗಾ ಸಿಕ್ಕಿದ್ದು ಆಸ್ಪತ್ರೆಯಲ್ಲಿ. ಉಳ್ಳೂರಿನ ಬಳಿಯ ದೊಡ್ಡಾಸ್ಪತ್ರೆಗೆ ಕುಲಕರ್ಣಿಯವರು ರಕ್ತದೊತ್ತಡಕ್ಕೆ ಹೋಗುತ್ತಿದ್ದರು. ಅಲ್ಲಿ ವಾರಿಜ ಅನ್ನುವ ಕಾಸರಗೋಡಿನ ಹುಡುಗಿ ನರ್ಸು. ಸುಭದ್ರಾಬಾಯಿ ಬೆಂಚಿನ ಮೇಲೆ ಕೂತು ನಾಟಕದ ಕಥೆ ಹೇಳಿದರಂತೆ. ಹೇಳುತ್ತಿರುವಾಗಲೇ ಯಾರೋ ಬಂದು ಎದುರಿಗಿದ್ದ ವಾರಿಜಳನ್ನು ‘ಇವಿಡೆ ಆರುಮಿಲ್ಲೇ?’, ಅಂದರೆ ಇಲ್ಲಿ ಯಾರೂ ಇಲ್ಲವಾ ಅಂತ ಕೇಳಿದರಂತೆ. ಅವರಿಗೆ ಬೇಕಾಗಿದ್ದದ್ದು ಡಾಕ್ಟರು. ವಾರಿಜ ಸುಭದ್ರಾಬಾಯಿಯವರ ಕಡೆ ತಿರುಗಿ, ‘ನಾನು ಮಾಡ್ತೇನೆ’ ಅಂದಳಂತೆ.

ಅವಳಿದ್ದದ್ದು ಉಳ್ಳೂರಿನಲ್ಲೇ, ಅಣ್ಣನ ಮನೆಯಲ್ಲಿ. ನಾಟಕ ಆಡಿದರೆ ಈ ಮನೆಗೆ ಬರುವುದು ಬೇಡ ಅಂತ ಅಣ್ಣ ಹೇಳಿದ. ಸುಭದ್ರಾಬಾಯಿ ಕೊಡೆ ಊರಿಕೊಂಡು ಹೋಗಿ ಮಾತಾಡಿ ಬಂದರು. ಏನು ಹೇಳಿದ ಅಂತ ಕೇಳಿದರೆ, ಆ ಮನುಷ್ಯ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ, ಚಹಾ ಕೊಟ್ಟ ಅಂದರು. ನಾಟಕದ ದಿನ ಆ ಮನೆಯ ಬಾಗಿಲು ತೆರೆದಿರುತ್ತದೋ ಇಲ್ಲವೋ ನಮಗೆ ಯಾರಿಗೂ ಗೊತ್ತಿರಲಿಲ್ಲ. ಅವಳು ಮಾತ್ರ ಡ್ಯೂಟಿ ಮುಗಿಸಿ ದಿನಾ ತಾಲೀಮಿಗೆ ಬರುತ್ತಿದ್ದಳು. ಧಾರವಾಡದ ಮಾತು ಅವಳ ನಾಲಗೆಗೆ ಹತ್ತಲಿಲ್ಲ. ನಾನು ಉತ್ಸಾಹದಿಂದ ಹೇಳಿಕೊಡಲು ಹೋದರೆ ಸುಭದ್ರಾಬಾಯಿ ನನ್ನನ್ನು ಕೊಡೆಯಿಂದ ತಿವಿದು ಕೂರಿಸಿ, ನಿನ್ನ ಮನೆಯಲ್ಲಿ ನೀನು ಹೇಗೆ ಅನ್ನುತ್ತೀಯೋ ಹಾಗೇ ಅನ್ನು ಅಂತ ಅವಳಿಗೆ ಹೇಳಿದರು. ತಾವು ಬರೆದ ಮಾತನ್ನು ತಾವೇ ಬಿಟ್ಟುಕೊಟ್ಟರು. ಹಿಂದೆ ಕೊಚ್ಚಿಯಲ್ಲಿ ನಾನು ಒಂದು ‘ರೀ’ ಬಿಟ್ಟರೂ ಬೈಗುಳ ಬೀಳುತ್ತಿತ್ತು.

ನಾಟಕದ ದಿನ ಪರದೆ ಏಳುವ ಮೊದಲು ಹೆಸರು ಹೇಳುವ ಕೆಲಸ ನನ್ನದು. ಮೈಕಿನ ಮುಂದೆ ನಿಂತಾಗ ಯಾರ ದನಿಯಲ್ಲಿ ಹೇಳುವುದು ಅಂತ ಗೊಂದಲವಾಯಿತು. ಗತ್ತಿನ ದನಿ ಅಂದರೆ ಪದ್ಮನಾಭರಾಯರದು; ಆದರೆ ಅವರು ಕೊಚ್ಚಿಯಿಂದ ಅತಿಥಿಯಾಗಿ ಬಂದು ಮುಂದಿನ ಸಾಲಿನಲ್ಲೇ ಕೂತಿದ್ದಾರೆ. ಕೊನೆಗೆ ‘ರಚನೆ, ಶ್ರೀಮತಿ ಸುಭದ್ರಾಬಾಯಿ’ ಅಂದದ್ದು ಯಾವುದೋ ಕೀರಲು ದನಿ. ಅದು ನನ್ನದೇ ಅಂತ ಆಮೇಲೆ ತಿಳಿಯಿತು. ಯಾರೂ ಕಾಫಿಗೆ ಏಳಲಿಲ್ಲ.

ನಾಟಕದಲ್ಲಿ ಪೋಸ್ಟ್‌ಮ್ಯಾನ್ ಆಗಿ ಹೋಗಿ, ‘ಮನೇಲಿ ಯಾರೂ ಇಲ್ವಾ?’ ಅಂದೆ. ವಾರಿಜ ನನ್ನನ್ನು ನೋಡಿ, ‘ಯಾರೂ ಇಲ್ಲ’ ಅಂದಳು. ಅವಳು ಸೆರಗು ಕಚ್ಚಲಿಲ್ಲ, ಮೂಗು ತಳ್ಳಲಿಲ್ಲ. ಕೊಚ್ಚಿಯಲ್ಲಿ ಈ ಪ್ರಶ್ನೆಯ ಆ ಕಡೆ ನಿಂತು ನಗಿಸಿದವನಿಗೆ ಈ ಕಡೆ ಕಾಲು ಎಲ್ಲಿಡಬೇಕೆಂದು ತಿಳಿಯಲಿಲ್ಲ. ಕೊನೆಯಲ್ಲಿ ಅವಳು ಮೆಲ್ಲಗೆ, ‘ನಾನಿದ್ದೇನಲ್ಲ’ ಅಂದಳು. ಒಬ್ಬರೂ ನಗಲಿಲ್ಲ. ನಾಟಕ ಬಿದ್ದುಹೋಯಿತು ಅಂತ ನಾನು ಪರದೆಯ ಹಿಂದೆ ತಲೆ ಮೇಲೆ ಕೈಹೊತ್ತೆ. ಸುಭದ್ರಾಬಾಯಿಯವರ ಕಡೆ ನೋಡಿದರೆ ಅವರ ಕಣ್ಣು ಪೂರ್ತಿ ತೆರೆದಿತ್ತು. ಆ ಹೊತ್ತಿಗೆ ನಿಧಾನವಾಗಿ ಚಪ್ಪಾಳೆ ಶುರುವಾಯಿತು.

ಮುಂದಿನ ಬೇಸಿಗೆಗೆ ಕುಲಕರ್ಣಿಯವರಿಗೆ ದೂರದ ನಾಗಪುರಕ್ಕೆ ವರ್ಗವಾಯಿತು. ಆಮೇಲೆ ನಾನು ಸುಭದ್ರಾಬಾಯಿಯವರನ್ನು ನೋಡಿಲ್ಲ. ಅವರ ದನಿ ನನ್ನ ಗಂಟಲಿನಲ್ಲಿದೆ, ಗೆಳೆಯರು ಕೇಳಿದರೆ ಈಗಲೂ ಮಾಡುತ್ತೇನೆ. ಎಲ್ಲರೂ ನಗುತ್ತಾರೆ. ಅಷ್ಟಕ್ಕೇ ಯಾಕೋ ನನಗೆ ಸಾಕಾಗುತ್ತದೆ. ಅವರು ಹೇಗಿದ್ದರು ಅಂತ ಯಾರಾದರೂ ನಿಜವಾಗಿ ಕೇಳಿದರೆ ನಾನು ದನಿ ತೆಗೆಯುವುದಿಲ್ಲ, ಆ ನಾಟಕದ ರಾತ್ರಿ ಸಭಾಂಗಣದ ಮೆಟ್ಟಿಲ ಮೇಲೆ ನಡೆದದ್ದನ್ನು ಹೇಳುತ್ತೇನೆ.

ಜನ ಇಳಿದು ಹೋಗುತ್ತಿದ್ದರು. ವಾರಿಜ ಬಣ್ಣ ಒರೆಸಿಕೊಂಡು, ನಾಟಕದ ಸೀರೆಯಲ್ಲೇ, ಉಳ್ಳೂರಿನ ಕಡೆ ನೋಡುತ್ತ ನಿಂತಿದ್ದಳು. ಅಣ್ಣ ಬಂದಿರಲಿಲ್ಲ. ಸುಭದ್ರಾಬಾಯಿ ಅವಳ ಜೊತೆ ಹೋಗಲು ಕೊಡೆ ಎತ್ತಿಕೊಂಡಿದ್ದರು. ಅಷ್ಟರಲ್ಲಿ ಪದ್ಮನಾಭರಾಯರು ಬಂದು ನನ್ನ ಬೆನ್ನು ತಟ್ಟಿ, ಅವರ ಕಡೆ ತಿರುಗಿ, ಹುಡುಗಿ ಪರವಾಗಿಲ್ಲಮ್ಮ, ಆದರೂ ನಮ್ಮ ವಾಸು ಮಾಡಿದ ಹೆಂಗಸಿನ ಮುಂದೆ ಇವಳು ಏನೂ ಅಲ್ಲ ಅಂದರು. ಹೊಗಳಿಕೆ ಕೇಳಿ ನನ್ನ ಮುಖ ಅರಳಿತು, ಅರಳಿದ್ದು ತಪ್ಪೇನೋ ಅನ್ನಿಸಿ ಅರ್ಧಕ್ಕೇ ನಿಂತಿತು.

ಸುಭದ್ರಾಬಾಯಿ ಮೆಟ್ಟಿಲು ಇಳಿಯುತ್ತಲೇ ಅಂದರು:

‘ಖರೆ ಅದ ರಾಯರ. ವಾಸು ಸೀರಿ ಬಿಚ್ಚಿಟ್ಟು ಮನಿಗೆ ಹೋಗತಿದ್ದ. ಈಕಿ ಸೀರಿ ಉಟಗೊಂಡಽ ಮನಿಗೆ ಹೋಗಬೇಕು.’