ಮೂರು ಸಲ ಕರೆದ ಹೆಸರು

ಜಡಿಮಳೆಯ ಆಟಿ ತಿಂಗಳಲ್ಲಿ ಅಪರೂಪಕ್ಕೆ ಬಿಸಿಲು ಬಂದ ದಿನ, ಬಟ್ಟೆಗಳಿಗೆ ಬಿಸಿಲು ಕಾಣಿಸೋಣವೆಂದು ಪೆಟ್ಟಿಗೆ ತೆರೆದೆ. ತಳದಲ್ಲಿದ್ದ ಕರಿ ಕೋಟಿನಿಂದ ನುಸಿಗುಳಿಗೆಯ ವಾಸನೆ ಎದ್ದು ಬಂತು. ಕಾಲರು ಈಗಲೂ ವಕೀಲರ ಕುತ್ತಿಗೆಯ ಆಕಾರದಲ್ಲೇ ನಿಂತಿತ್ತು…

ಪುತ್ತೂರಿನಲ್ಲಿ ವಕೀಲರು ಎಂದರೆ ಸಾಕಿತ್ತು, ಅವರೇ. ಐದನೆಯ ಕ್ಲಾಸಿಗೆ ಶಾಲೆ ಬಿಟ್ಟ ನಾನು ಅವರ ಕಾರು ಓಡಿಸಿದವನು. ಒಂದು ದಿನವೂ ಅವರನ್ನು ಕೋರ್ಟಿಗೆ ತಡವಾಗಿ ಮುಟ್ಟಿಸಿದವನಲ್ಲ. ಕೊಲೆ ಕೇಸಿನಲ್ಲಿ ಅವರು ಎದ್ದು ನಿಂತರೆ ಮಂಗಳೂರಿನ ಸೆಷನ್ಸ್ ಕೋರ್ಟು ಜನರಿಂದ ತುಂಬುತ್ತಿತ್ತು. ಜಮೀನಿನ ಧನಿಗಳು ಒಕ್ಕಲೆಬ್ಬಿಸಿದ ಬಡವರು, ಪೊಲೀಸರ ಪೆಟ್ಟು ತಿಂದವರು ಬೆಳಕು ಹರಿಯುವ ಮೊದಲೇ ಅವರ ಜಗಲಿಯಲ್ಲಿರುತ್ತಿದ್ದರು.

ಐವತ್ತರ ದಶಕದ ಕೊನೆಗೆ ಬೆಳ್ಳಾರೆ ಕಡೆಯ ಒಬ್ಬ ಕೂಲಿಯಾಳಿನ ಮೇಲೆ ಧನಿಯನ್ನು ಕೊಂದ ಆರೋಪ ಬಂತು. ಭೂತಕೋಲದಲ್ಲಿ ದೈವವೇ ಅವನತ್ತ ಕೈ ತೋರಿಸಿದೆ ಎಂದು ಊರು ನಂಬಿತ್ತು. ಹಾಗಾಗಿ ನೋಡದವರೂ ನೋಡಿದೆವೆಂದು ಸಾಕ್ಷಿ ಹೇಳಿದರು. ಹೇಳುತ್ತಿರುವುದು ಸುಳ್ಳು ಎಂದು ಅವರಿಗೆ ಅನಿಸಲೇ ಇಲ್ಲ. ದೈವವೇ ಕಟಕಟೆ ಹತ್ತಲಿ, ಅಡ್ಡಸವಾಲು ನಾನು ಕೇಳುತ್ತೇನೆ ಎಂದರು ವಕೀಲರು. ಜನ ನಕ್ಕರು, ಜಡ್ಜರು ನಗಲಿಲ್ಲ. ಅಪೀಲೂ ಸೋತಿತು. ಅವನಿಗೆ ಗಲ್ಲಾಯಿತು. ಹೆಣ ಊರಿಗೆ ಬರಲಿಲ್ಲ.

ಮರುವರ್ಷದ ಆಟಿಯಲ್ಲಿ ಅವನ ತಾಯಿ ಬಂದಳು. ಆಟಿಯಲ್ಲಿ ಸತ್ತವರಿಗೆ ಎಲೆ ಹಾಕಿ ಬಡಿಸಿ, ಬಾಗಿಲು ಎಳೆದು, ಹೆಸರು ಹಿಡಿದು ಕರೆದು ಹೊರಗೆ ಕಾದು, ಉಂಡಾಯಿತೆಂದು ಬಾಗಿಲು ತಟ್ಟಿ ತೆರೆಯುವ ಕ್ರಮ ನಮ್ಮಲ್ಲಿ ಉಂಟು. ಹಗ್ಗದಲ್ಲಿ ಸತ್ತವನನ್ನು ಕರೆಯಲು ಅವಳ ಕುಟುಂಬದ ಗಂಡಸರು ಒಪ್ಪಿರಲಿಲ್ಲ. ಕರೆಯದಿದ್ದರೆ ಮಗ ಹಸಿದುಕೊಂಡೇ ಅಲೆಯುತ್ತಾನಲ್ಲ ಎಂಬುದು ಅವಳ ಸಂಕಟ.

"ಅವ ಮಾಡ್ಲಿಲ್ಲ ಅಂತ ಹೇಳಿದ್ದು ನೀವೊಬ್ರೇ ಸ್ವಾಮಿ. ನೀವೇ ಕರೀಬೇಕು."

ಇಂಥದ್ದನ್ನೆಲ್ಲ ನಂಬದ ವಕೀಲರು ಎದ್ದು ಒಳಗೆ ಹೋದರು. ಮತ್ತೆ ಕರಿ ಕೋಟು ಹಾಕಿಕೊಂಡು ಬಂದು ಕಾರು ಹತ್ತಿದರು.

ನಡುಮಧ್ಯಾಹ್ನಕ್ಕೆ ಅವಳ ಮನೆ ಮುಟ್ಟಿದೆವು. ಅವಳು ಕೋಳಿಸಾರು, ರೊಟ್ಟಿ ಬಡಿಸಿ ಬಾಗಿಲು ಎಳೆದಳು. ಒಂದೇ ಕೋಣೆಯ ಮನೆ, ಒಳಗೆ ಯಾರೂ ಇರಲಿಲ್ಲ. ನಾನೇ ನೋಡಿದ್ದೆ. ವಕೀಲರಿಗೆ ಕರೆಯುವ ಕ್ರಮ ತಿಳಿಯದು. ಕೋರ್ಟಿನ ಬಾಗಿಲಲ್ಲಿ ಜವಾನ ಕೂಗುವ ಹಾಗೆ, ಅಪ್ಪನ ಹೆಸರು ಸೇರಿಸಿ ಮೂರು ಸಲ ಕೂಗಿದರು.

ಮೂರನೆಯದಕ್ಕೆ ಒಳಗಿನಿಂದ "ಓ" ಎಂದು ಕೇಳಿತು. ದಣಿದವನು ಕೂತಲ್ಲಿಂದಲೇ ಓಗೊಡುವ ಹಾಗೆ… ತಾಯಿ ಗೋಡೆಗೊರಗಿ ಕಣ್ಣು ಮುಚ್ಚಿದಳು. ಅಳಲಿಲ್ಲ. ಆಮೇಲೆ ತಟ್ಟಿ ಬಾಗಿಲು ತೆರೆದಾಗ ಎಲೆ ಮಾತ್ರ ಇತ್ತು, ಬಡಿಸಿದ್ದ ಹಾಗೆಯೇ.

"ಓ ಅಂದದ್ದು ನೀನಾ ಮಾರಾಯ?" ಕಾರಿನಲ್ಲಿ ವಕೀಲರು ಕೇಳಿದರು.

"ನಾನು ನಿಮ್ಮ ಹಿಂದೆಯೇ ಇದ್ದೆ ಸ್ವಾಮಿ."



ಆಮೇಲೂ ಅವರು ಎಷ್ಟೋ ಜನರನ್ನು ಹಗ್ಗದಿಂದ ಇಳಿಸಿ ತಂದರು. ಆದರೆ ಜವಾನ ಯಾರ ಹೆಸರು ಕೂಗಿದರೂ ವಾದವನ್ನು ಅರ್ಧಕ್ಕೇ ನಿಲ್ಲಿಸಿ ಬಾಗಿಲ ಕಡೆ ತಿರುಗುತ್ತಿದ್ದರು. ಆ ತಾಯಿ ಇರುವವರೆಗೂ ಪ್ರತಿ ಆಟಿಯಲ್ಲಿ ಅಲ್ಲಿಗೆ ಹೋದರು. ಸ್ವರ ಮತ್ತೆ ಕೇಳಲಿಲ್ಲ.

ಅವರು ಹೋಗಿ ಬಹಳ ಕಾಲವಾಯಿತು. ಮಕ್ಕಳಿರಲಿಲ್ಲ. ಕೋಟನ್ನು ಅವರ ಹೆಂಡತಿ ನನಗೆ ಕೊಟ್ಟರು. ಈಗ ಅವರೂ ಇಲ್ಲ. ಮೊನ್ನೆ ನಾನೇ ಎಲೆ ಹಾಕಿ, ಅವರಿಗಿಷ್ಟವಾದ ಪತ್ರೊಡೆ ಬಡಿಸಿ, ಬಾಗಿಲು ಎಳೆದೆ. ಬದುಕಿದ್ದಾಗ ಒಮ್ಮೆಯೂ ನನ್ನ ನಾಲಿಗೆಗೆ ಬಾರದ ಅವರ ಹೆಸರನ್ನು, ಅಪ್ಪನ ಹೆಸರು ಸೇರಿಸಿ ಮೂರು ಸಲ ಕೂಗಿದೆ. ಬಾಗಿಲಿಗೆ ಕಿವಿ ಕೊಟ್ಟು ನಿಂತೆ…

ಏನೂ ಕೇಳಲಿಲ್ಲ. ಆದರೂ ಬಾಗಿಲು ತಟ್ಟಲು ತುಂಬ ಹೊತ್ತು ಕೈ ಬರಲಿಲ್ಲ.