ಮುತ್ಯಾನ ಕುರ್ಚಿಯಲ್ಲಿ ಬಿಚ್ಚಿದ ಜಡೆ

ಬಿಸಿನೀರು ಸೋಕಿದ ಕೂಡಲೇ ಅದರಿಂದ ಸುಟ್ಟ ಕೂದಲಿನಂಥ, ಮಳೆಗೆ ನೆನೆದ ಎಮ್ಮೆಯ ಮೈಯಂಥ ಒಂದು ವಾಸನೆ ಏಳುತ್ತದೆ. ಕೊಂಬಿನ ಹಣಿಗೆ ಅದು. ಹಲ್ಲುಗಳೆಲ್ಲ ಒಂದೇ ಕಡೆ ವಾಲಿ ಸೊಟ್ಟಗಾಗಿವೆ, ಬಾಚಲು ಬರುವುದಿಲ್ಲ. ಆದರೂ ಪ್ರತಿ ದೀಪಾವಳಿಗೆ ಮನೆ ಸ್ವಚ್ಛ ಮಾಡುವಾಗ ಅದನ್ನು ತೊಳೆದು, ಒರೆಸಿ, ಮತ್ತೆ ಎತ್ತಿಡುತ್ತೇನೆ. ಆ ವಾಸನೆ ಮೂಗಿಗೆ ಬಡಿಯಿತೆಂದರೆ ಸಾಕು, ನಾನು ಹುಮನಾಬಾದಿನ ಈ ಮನೆಯಲ್ಲಿರುವುದಿಲ್ಲ. ಬಸವಕಲ್ಯಾಣದಲ್ಲಿ, ಕೋಟೆಗೆ ಹೋಗುವ ದಾರಿಯ ಬೇವಿನ ಮರದ ಕೆಳಗೆ, ನಮ್ಮ ಮುತ್ಯಾನ, ಅಂದರೆ ಅಜ್ಜನ, ಕ್ಷೌರದ ಅಂಗಡಿಯ ಬಾಗಿಲಲ್ಲಿ ಚಹಾದ ಕಿಟ್ಲಿ ಹಿಡಿದು ನಿಂತಿರುತ್ತೇನೆ. ಅಂಗಡಿಯ ಹಿಂದೆಯೇ ಮನೆ. ನಡುವೆ ಒಂದು ಗೋಣಿಯ ಪರದೆ.

ಮುತ್ಯಾ ಯಾರ ತಲೆಗೂ ನೇರವಾಗಿ ಕತ್ತರಿ ಹಾಕಿದವನಲ್ಲ. ಗಿರಾಕಿಯನ್ನು ಕೂಡಿಸಿ, ಕುರ್ಚಿಯನ್ನು ಬಿಸಿಲಿಗೆ ತಿರುಗಿಸಿ, ಕೂದಲನ್ನು ಬೈತಲೆ ಬೈತಲೆಯಾಗಿ ಸರಿಸಿ ಮೊದಲು ನೋಡುತ್ತಿದ್ದ. ಆಮೇಲೆ ಕಿವಿಯ ಹಿಂದೆ, ಕುತ್ತಿಗೆಯ ಮೇಲೆ ಬೆರಳಾಡಿಸುತ್ತಿದ್ದ. ಅವಸರದವರು ಗೊಣಗುತ್ತಿದ್ದರು. ಬಳೆ ಮಾರುವ ಖಾಜಾ ಚಾಚಾನಂತೂ, "ಏನ್ ಮಾಮಾ, ಕಟಿಂಗ್ ಮಾಡಾಕತ್ತೀಯೋ, ಹೊಲದಾಗ ಕಳೀ ತೆಗೀಯಾಕತ್ತೀಯೋ?" ಎಂದು ಕೆಣಕುತ್ತಿದ್ದ. "ನಿನ್ನ ತಲ್ಯಾಗ ಬೆಳೀನೇ ಇಲ್ಲ, ಕಳೀ ಎಲ್ಲಿಂದ ತೆಗೀಲಿ?" ಎನ್ನುವುದು ಮುತ್ಯಾನ ಉತ್ತರ. ಉಸ್ತರಾ, ಅಂದರೆ ಕ್ಷೌರದ ಕತ್ತಿಯನ್ನು, ದಿನಾ ಕುದಿಸುತ್ತಿದ್ದ. ಹಣಿಗೆಗಳನ್ನು ಮಾತ್ರ ತೊಡೆಗೆ ಬಡಿದು, ಊದಿ, ಗೂಡಿಗೆ ಸಿಕ್ಕಿಸುತ್ತಿದ್ದ. ಕೊಂಬು ಕುದಿಸಿದರೆ ಸೊಟ್ಟಗಾಗುತ್ತದೆ. ಅವೋ ಅವನ ಅಪ್ಪನ ಕಾಲದವು.

ಊರ ತಲೆಯೆಲ್ಲ ನೋಡುತ್ತಿದ್ದ ಆ ಕೈ ನನ್ನ ತಲೆಗೆ ಮಾತ್ರ ಬಂದಿರಲಿಲ್ಲ. ಜವಳ ತೆಗೆದ ಮೇಲೆ ಹೆಣ್ಣುಮಗಳ ಜಡೆಯನ್ನು ಮನೆಯ ಗಂಡಸರು ಮುಟ್ಟಬಾರದೆಂಬುದು ನಮ್ಮಲ್ಲಿಯ ರೀತಿ. ನನ್ನ ತಲೆ ಆಯಿಯದು, ನಮ್ಮ ಅಜ್ಜಿಯದು. ನನಗೆ ಒಂಬತ್ತು ವರ್ಷವಿದ್ದಾಗ ಮನೆಯ ಹಣಿಗೆ ಮುರಿದು, ಅವಳು ಅಂಗಡಿಯ ಗೂಡಿನಿಂದ ಒಂದನ್ನು ಎತ್ತಿಕೊಂಡು ಬಂದಳು. ಕೆಲವು ವಾರಗಳಲ್ಲಿ ನನ್ನ ನೆತ್ತಿಯ ಹಿಂಭಾಗ ತುರಿಸತೊಡಗಿತು, ಕೂದಲು ಉದುರಿತು. ಆಯಿ ಬೇವಿನೆಲೆ ಅರೆದು ಹಚ್ಚಿದಳು, ಎಣ್ಣೆ ಸುರಿದಳು, ಮೇಲೆ ಜಡೆಯನ್ನು ಬಿಗಿದು ಮುಚ್ಚಿದಳು. ಅಲ್ಲಿ ಗಡ್ಡೆ ಎದ್ದು ಕೀವು ಒಸರಿದಾಗ ನಾನು ಅತ್ತರೆ, ಬಾಯಿಯ ಮೇಲೆ ಕೈಯಿಟ್ಟಳು. "ಸುಮ್ಕಿರು ನನ್ನವ್ವ. ಹಜಾಮತಿ ಮಾಡೋರ ಮನ್ಯಾಗೇ ತಲೀಗಿ ಹುಣ್ಣಾಗ್ಯಾದ ಅಂದ್ರ, ನಿಮ್ಮ ಮುತ್ಯಾನ ಕುರ್ಚಿ ಮ್ಯಾಲ ಯಾರು ಕುಂಡ್ರತಾರ?"

ಆ ಮಾತಿಗೆ ನಾನು ಎಷ್ಟು ಹೆದರಿದ್ದೆನೆಂದರೆ, ತುರಿಕೆ ಬಂದಾಗ ಪರದೆಯ ಹಿಂದೆ ಹೋಗಿ ಗೋಡೆಗೆ ತಲೆ ಉಜ್ಜಿ ಬರುತ್ತಿದ್ದೆ.

ಒಂದು ಬೆಳಿಗ್ಗೆ ಹತ್ತಿರದ ಕೊಹಿನೂರು ಹಳ್ಳಿಯ ಹೆಣ್ಣುಮಗಳೊಬ್ಬಳು ತನ್ನ ಮಗನನ್ನು ಕರೆತಂದಳು. ಮುತ್ಯಾ ಅವನ ಕೂದಲು ಸರಿಸಿದವನು ಕತ್ತರಿ ಕೆಳಗಿಟ್ಟ. "ತಂಗಿ, ಇವತ್ತು ಕಟಿಂಗ್ ಬ್ಯಾಡ. ಇದು ಹುಳಕಡ್ಡಿ."

"ಹೊಟ್ಟ ಇರಬೇಕ್ರಿ," ಅಂದಳು ಆಕೆ.

"ಹೊಟ್ಟ ತಲೀ ತುಂಬ ಇರ್ತದ, ಕೂದಲ ಮುರಿಯಂಗಿಲ್ಲ. ಇಲ್ಲಿ ನೋಡು, ದುಂಡಗ ಒಂದೇ ಕಡಿ. ಜೋಳದ ಹಿಟ್ಟು ಚೆಲ್ಲಿದಂಗ ಹೊಪ್ಪಳಿ. ಕೂದಲ ಬುಡದಾಗೇ ಮುರದು ಕರೀ ಚುಕ್ಕಿ ನಿಂತಾವ. ಬೋಳಾದ ಜಾಗಾ ನುಣ್ಣಗಿದ್ದು, ಹಿಟ್ಟಿಲ್ಲ, ಚುಕ್ಕಿ ಇಲ್ಲ ಅಂದ್ರ ಅದು ಬ್ಯಾರೆ ಬ್ಯಾನಿ. ಕಿವಿ ಹಿಂದ ಮುಟ್ಟು, ಗಂಟು ಸಿಗ್ತಾವ. ಬಿಟ್ಟರ ಕೀವಾಗಿ ಮೆತ್ತನ್ನ ಗಡ್ಡಿ ಏಳ್ತದ. ಅಲ್ಲಿ ಕೂದಲ ತಿರುಗಿ ಬರದೇ ಹೋಗಬಹುದು."

ಕಿಟ್ಲಿ ಕೆಳಗಿಟ್ಟು ನಾನು ಕಿವಿಯ ಹಿಂದೆ ಬೆರಳಿಟ್ಟೆ. ಕಡಲೆ ಕಾಳಿನಂಥ ಎರಡು ಗಂಟುಗಳು ಬೆರಳಿನಡಿ ಜಾರಿದವು. ಅಂಗಡಿಯಲ್ಲಿ ಖಾಜಾ ಚಾಚಾ, ಇನ್ನಿಬ್ಬರು ಗಿರಾಕಿಗಳು. ಪರದೆಯ ಸಂದಿಯಲ್ಲಿ ಆಯಿಯ ಕಣ್ಣು. ಆ ಕಣ್ಣು ಬೇಡ ಅನ್ನುತ್ತಿತ್ತು. ಆದರೆ ಕೂದಲು ತಿರುಗಿ ಬರುವುದಿಲ್ಲ ಎಂಬ ಮಾತು ನನ್ನ ಎದೆಯಲ್ಲಿ ಕೂತುಬಿಟ್ಟಿತ್ತು.

"ಮುತ್ಯಾ, ನನಗೂ ಅದು ಆಗ್ಯಾದ," ಎಂದೆ.

ಮುತ್ಯಾ ನನ್ನನ್ನು ಪರದೆಯ ಒಳಗೆ ಕಳಿಸಬಹುದಿತ್ತು. ಮಕ್ಕಳ ಮಾತೆಂದು ನಕ್ಕುಬಿಡಬಹುದಿತ್ತು. ಅವನು ಆ ಹುಡುಗನನ್ನು ಇಳಿಸಿ ನನ್ನನ್ನೆತ್ತಿ ಕುರ್ಚಿಯಲ್ಲಿ ಕೂಡಿಸಿದ. ಆ ಕುರ್ಚಿಯಲ್ಲಿ ಕೂತ ಮೊದಲ ಹೆಣ್ಣುಮಗಳು ನಾನು. ಎಲ್ಲರ ಮುಂದೆ, ಬಿಸಿಲಿಗೆ ತಿರುಗಿಸಿ, ಜಡೆಯ ಒಂದೊಂದೇ ಎಳೆ ಬಿಚ್ಚಿದ. ಗಡ್ಡೆಯ ಸುತ್ತ, ಕಿವಿಯ ಹಿಂದೆ ಬೆರಳಾಡಿಸಿ ನೋಡಿದ. ಆಮೇಲೆ ಗಿರಾಕಿಗಳ ಕಡೆ ತಿರುಗಿ ಹೇಳಿದ: "ನಮ್ಮ ಮನ್ಯಾಗೂ ಬಂದದ. ನನ್ನ ಹಣಿಗೀಲೇ ಬಂದಿರಬೇಕು. ಅಂಗಡಿ ಬಂದ್ ಮಾಡ್ತೀನ್ರಿ. ನೀವೂ ಮನೀಗಿ ಹೋಗಿ ಮಕ್ಕಳ ತಲೀ ನೋಡ್ರಿ."

ಆ ಹೆಣ್ಣುಮಗಳು, ಅವಳ ಮಗ, ಮುತ್ಯಾ, ನಾನು, ಒಂದೇ ಬಸ್ಸಿನಲ್ಲಿ ಹುಮನಾಬಾದಿಗೆ ಹೋದೆವು. ಡಾಕ್ಟರು ನನ್ನ ತಲೆಯ ಹೊಪ್ಪಳಿಕೆಯನ್ನು ಪರೀಕ್ಷೆಗೆಂದು ಗಾಜಿನ ಪಟ್ಟಿಯ ಮೇಲೆ ಕೆರೆದು ತೆಗೆದರು. ಗಡ್ಡೆ ಕೊಯ್ಯುವುದು ಬೇಡ, ಬೋಳಿಸುವುದೂ ಬೇಡ ಎಂದರು. ಬರೀ ಮುಲಾಮಿಗೆ ಇದು ಹೋಗುವುದಿಲ್ಲ, ಮದ್ದು ಕೂದಲ ಬೇರಿಗೇ ಮುಟ್ಟಬೇಕು. ಆರಾಮಾಯಿತೆಂದು ನಡುವೆ ಬಿಡದೆ ವಾರಗಟ್ಟಲೆ ಗುಳಿಗೆ ನುಂಗಿಸಬೇಕು ಎಂದರು. "ಯಾರು ಗುರುತು ಹಿಡಿದಿದ್ದು?" ಎಂದು ಅವರು ಕೇಳಿದಾಗ ಮುತ್ಯಾ ನನ್ನನ್ನು ತೋರಿಸಿದ. "ಈಕೀ ರೀ. ನಾನು ಊರ ಮಂದೀ ತಲೀ ನೋಡಿದೆ, ಈಕಿ ತನ್ನ ತಲೀ ತಾನೇ ನೋಡಕೊಂಡಳು." ಆ ಹೊತ್ತು ಅವನ ಮುಖದಲ್ಲಿದ್ದ ಹೆಮ್ಮೆಯನ್ನು ಮುಂದೆ ನನ್ನ ಯಾವ ಪರೀಕ್ಷೆಯ ಫಲಿತಾಂಶವೂ ತರಲಿಲ್ಲ.

ಮನೆಗೆ ಬಂದವನೇ ಹಂಡೆಯಲ್ಲಿ ನೀರು ಕುದಿಸಿ, ಅಪ್ಪನ ಕಾಲದ ಹಣಿಗೆಗಳನ್ನೆಲ್ಲ ಅದಕ್ಕೆ ಹಾಕಿದ. ಸೊಟ್ಟಗಾಗುತ್ತವೆಂದು ಗೊತ್ತಿದ್ದೂ ಹಾಕಿದ. ಓಣಿ ತುಂಬ ಆ ವಾಸನೆ. ಆಯಿ ಸೆರಗು ಮೂಗಿಗೆ ಹಿಡಿದು ಅಳುತ್ತಿದ್ದಳು, ಅಂಗಡಿ ಹೋಯಿತೆಂದು. ನಾಲ್ಕನೆಯ ದಿನ ಬಾಗಿಲು ತೆರೆದಾಗ ಮೊದಲು ಬಂದವನು ಖಾಜಾ ಚಾಚಾ, ಜೊತೆಗೆ ಮೂವರು ಮೊಮ್ಮಕ್ಕಳು. "ಹಣಿಗಿ ಕುದಿಸಿದೆಲ್ಲ ಮಾಮಾ, ಇನ್ನ ಗಿರಾಕೀನ ಕುದಸಬ್ಯಾಡ. ಇವರ ತಲೀ ನೋಡು," ಅಂದ. ಆವತ್ತು ಸಂಜೆಯ ತನಕ ಜನ ಬರುತ್ತಲೇ ಇದ್ದರು, ಕಟಿಂಗಿಗಲ್ಲ, ಮಕ್ಕಳ ತಲೆ ತೋರಿಸಲು. ಆಯಿ ಪರದೆ ಸರಿಸಿ ಎಲ್ಲರಿಗೂ ಚಹಾ ಕೊಟ್ಟಳು.

ನನ್ನ ಕೂದಲು ಬಂತು. ಬೆರಳ ತುದಿಯಷ್ಟು ಒಂದು ಜಾಗ ಮಾತ್ರ ಹಾಗೇ ಉಳಿಯಿತು. ಅದನ್ನು ನಾನು ಎಂದೂ ಮುಚ್ಚಿಕೊಂಡಿಲ್ಲ.

ಈಗ ಆ ಬೇವು ಇಲ್ಲ. ಅಂಗಡಿಯ ಜಾಗದಲ್ಲಿ ಮೊಬೈಲು ಮಾರುತ್ತಾರೆ. ಆಯಿ ಮೊದಲು ಹೋದಳು. ಮುತ್ಯಾ ಕೊನೆಯ ತಿಂಗಳುಗಳನ್ನು ನನ್ನ ಬಳಿ ಹುಮನಾಬಾದಿನಲ್ಲಿ ಕಳೆದ. ಒಂದು ದಿನ ಅವನ ಕೂದಲು ಕಣ್ಣಿಗೆ ಬರುತ್ತಿದೆಯೆಂದು ನಾನೇ ಕತ್ತರಿ ಹಿಡಿದು ಹತ್ತಿರ ಹೋದೆ. ಅವನು ತಲೆ ಹಿಂದಕ್ಕೆಳೆದುಕೊಂಡ.

"ಮೊದಲ ನೋಡು."

ಕುರ್ಚಿಯನ್ನು ಕಿಟಕಿಯ ಬೆಳಕಿಗೆ ತಿರುಗಿಸಿದೆ. ಹತ್ತಿಯಂಥ ಬಿಳಿ ಕೂದಲನ್ನು ಬೈತಲೆ ಬೈತಲೆಯಾಗಿ ಸರಿಸಿದೆ. ಕಿವಿಯ ಹಿಂದೆ, ಕುತ್ತಿಗೆಯ ಮೇಲೆ ಬೆರಳಾಡಿಸಿದೆ. ಅವನು ಕಣ್ಣು ಮುಚ್ಚಿ ಕಾಯುತ್ತಿದ್ದ.

"ಸ್ವಚ್ಛ ಅದ ಮುತ್ಯಾ."

"ಹಾಂ," ಅಂದ. "ಈಗ ಕತ್ತರಿ ಹಾಕು."