ಮರದಡಿಯ ನೆಲಬಳ್ಳಿ

ಹಿತ್ತಿಲಿನ ದೊಡ್ಡ ಮರದ ಕೆಳಗೆ ಒಂದೆಸಳು ಹುಲ್ಲೂ ಏಳುತ್ತಿರಲಿಲ್ಲ. ಮಳೆ ಬಂತೆಂದರೆ ಬರೀ ಕೆಸರು. ಆ ಕೆಸರಲ್ಲೇ ಅಕ್ಕ ಜಾರಿ ಬಿದ್ದಳು. ಮೂಳೆ ಮುರಿಯದೆ ಉಳಿದದ್ದೇ ದೊಡ್ಡದು. ಈ ನೆಲ ಮುಚ್ಚಿಯೇ ತೀರುತ್ತೇನೆ ಎಂದು ತಂಗಿ ಅವತ್ತೇ ಹಟ ಹಿಡಿದಳು.

ತಂಗಿ ಬೀದಿಗೆಲ್ಲ ಟೈಲರಮ್ಮ. ಬಾಯಿ ಜೋರು, ಆದರೆ ಅಕ್ಕನೆಂದರೆ ಜೀವ. ತಾಯಿ ಹೋದ ಮೇಲೆ ಎತ್ತಿ ಆಡಿಸಿ ಬೆಳೆಸಿದವಳು ಅವಳೇ ತಾನೆ! ಆ ಅಕ್ಕನಿಗೀಗ ಮರೆವಿನ ಕಾಯಿಲೆ. ಉಂಡದ್ದು ನೆನಪಿಲ್ಲ, ಮನೆಯ ದಾರಿ ನೆನಪಿಲ್ಲ. ತಂಗಿಯನ್ನು ‘ಪುಟ್ಟೀ’ ಎಂದು ಕರೆಯುವುದೊಂದು ಮಾತ್ರ ತಪ್ಪಿರಲಿಲ್ಲ. ಅದೊಂದು ಉಳಿದರೆ ಸಾಕಪ್ಪಾ ಎಂದು ತಂಗಿ ಕಂಡ ದೇವರಿಗೆಲ್ಲ ಕೈ ಮುಗಿಯುತ್ತಿದ್ದಳು.

ಸಸಿ ಮಾರುವವನು ಒಂದು ಬಗೆಯ ನೆಲಬಳ್ಳಿಯ ಸಸಿಗಳನ್ನು ಕೊಟ್ಟ. ಇದೇ ಸೀಮೆಯ ಕಾಡಿನಲ್ಲಿ ಮರಗಳ ಬುಡಕ್ಕೆ ತಾನಾಗಿ ಹಬ್ಬುವಂಥದ್ದು. “ಇದಕ್ಕೆ ನೆರಳೇ ಬೇಕು. ಬಿದ್ದ ತರಗೆಲೆ ಗುಡಿಸ್ಬೇಡಿ. ಬೇರು ಹಿಡಿಯೋವರೆಗೂ ಯಾರೂ ಮುಟ್ಬಾರ್ದು, ಅಷ್ಟೇ,” ಎಂದ.

ಅಷ್ಟೇ ಅಂತೆ! ಅಕ್ಕ ಜೀವಮಾನವೆಲ್ಲ ದುಡಿದದ್ದು ಉದ್ಯಾನವನದಲ್ಲಿ ಕಳೆ ಕೀಳುವ ಕೆಲಸದಲ್ಲಿ. ಕೈಗಂಟಿದ ಕಸುಬು ಸುಮ್ಮನೆ ಬಿಡುತ್ತದೆಯೇ? ತಂಗಿ ನೆಟ್ಟ ಮಾರನೆಯ ಬೆಳಿಗ್ಗೆಯೇ ಅಷ್ಟನ್ನೂ ಬೇರುಸಮೇತ ಕಿತ್ತು, ಮಣ್ಣು ಕೊಡವಿ, ಮೆಟ್ಟಿಲ ಮೇಲೆ ಗುಡ್ಡೆ ಹಾಕಿದ್ದಳು.

“ಪುಟ್ಟೀ, ಎಷ್ಟೊಂದು ಕಳೆ ನೋಡೇ! ಒಂದನ್ನೂ ಬಿಟ್ಟಿಲ್ಲ,” ಎಂದು ಮುಖ ಅರಳಿಸಿದಳು.

ತಂಗಿ ಹಲ್ಲು ಕಚ್ಚಿಕೊಂಡು ಮತ್ತೆ ನೆಟ್ಟಳು. ಅಕ್ಕ ಮತ್ತೆ ಕಿತ್ತಳು. ಮೂರನೆಯ ಸಲ ತಂಗಿಯ ಪಿತ್ತ ನೆತ್ತಿಗೇರಿತು.

“ಇನ್ನೊಂದ್ಸಲ ಕೈ ಹಾಕಿದ್ಯೋ, ನೋಡ್ತಿರು! ನಿನ್ನ ಬೀಳದ ಹಾಗೆ ಕಾಯೋಕೆ ನಾನು ಸಾಯ್ತಿದ್ರೆ, ಎಲ್ಲಾ ಹಾಳು ಮಾಡ್ತೀಯಲ್ಲ!” ಎಂದು ಬೀದಿಗೆ ಕೇಳುವಂತೆ ಕಿರುಚಿ, ಕಿತ್ತದ್ದನ್ನು ಮತ್ತೆ ನೆಟ್ಟು, ಹಿತ್ತಿಲ ಬಾಗಿಲಿಗೆ ಬೀಗ ಜಡಿದಳು. ಅಕ್ಕ ಮಣ್ಣಾದ ಕೈಗಳನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡಳು.

ಮಳೆಗಾಲ ಮುಗಿಯುವುದರೊಳಗೆ ಬಳ್ಳಿ ನೆಲ ಕಾಣದಂತೆ ಹಬ್ಬಿತು. “ಭಲೇ ಟೈಲರಮ್ಮ!” ಎಂದು ಪಕ್ಕದ ಮನೆಯವರು ಗೋಡೆಯಾಚೆಯಿಂದ ಹೊಗಳಿದ್ದೇ ಹೊಗಳಿದ್ದು. ಒಳಗೆ ಅಕ್ಕ ಮೂಲೆ ಹಿಡಿದು, ಹೊದಿಕೆಯ ನೂಲುಗಳನ್ನು ಒಂದೊಂದಾಗಿ ಕೀಳುತ್ತ ಕೂತಿರುತ್ತಿದ್ದಳು. ಮಾತು ನಿಂತೇ ಹೋಗಿತ್ತು. ಆ ಬೆರಳುಗಳನ್ನು ನೋಡಿ ನೋಡಿ ಒಂದು ಮಧ್ಯಾಹ್ನ ತಂಗಿಗೆ ತಡೆಯಲಾಗಲಿಲ್ಲ. ಬಳ್ಳಿ ಹಾಳಾಗಿ ಹೋಗಲಿ ಎಂದು ಹೊಲಿಗೆ ಅಲ್ಲೇ ಬಿಟ್ಟು ಎದ್ದಳು. ಬೀಗ ತೆಗೆದು, ಅಕ್ಕನನ್ನು ಮೆಲ್ಲನೆ ನಡೆಸಿಕೊಂಡು ಹೋಗಿ ಮರದಡಿ ಕೂರಿಸಿ, ಅವಳ ಕೈಯನ್ನು ಎಲೆಗಳ ಮೇಲಿಟ್ಟಳು.

“ಕೀಳಕ್ಕಾ. ಎಷ್ಟು ಬೇಕೋ ಅಷ್ಟು ಕೀಳು. ನಿನ್ನ ದಮ್ಮಯ್ಯ.”

ಅಕ್ಕ ಬೆಂಕಿ ತಗುಲಿದವಳಂತೆ ಕೈ ಹಿಂದೆಳೆದುಕೊಂಡಳು. ಮನೆಯ ಕಡೆ ಹೆದರಿ ಹೆದರಿ ನೋಡಿ, ತಂಗಿಯ ಕಿವಿಗೆ ಬಾಯಿಟ್ಟಳು.

“ಬೇಡಮ್ಮಾ. ನೀವೂ ಮುಟ್ಬೇಡಿ. ಒಳಗೆ ಬಟ್ಟೆ ಹೊಲಿಯೋಳು ಒಬ್ಳಿದಾಳೆ, ತುಂಬಾ ಬೈತಾಳೆ.”